ಹೊಳೆವ್ವನ ಟಂಟಂ ಸುಮ್ಮನಾದ ಮೇಲೆ

ಡಗಡಗಡಗಡಗ, ಫಟ್, ಡಗಡಗಡಗ.

ಸುಳ್ಳ ಎಂಬ ಹಳ್ಳಿಯ ಅಗಸಿ ಬಾಗಿಲ ಹತ್ತಿರ ಬೆಳಿಗ್ಗೆ ಈ ಸಪ್ಪಳ ಎದ್ದಿತೆಂದರೆ ಊರಿನ ಅರ್ಧ ಮಂದಿ ಬಸಿಯಲ್ಲಿದ್ದ ಚಹಾವನ್ನು ಒಂದೇ ಗುಟುಕಿಗೆ ಸುರುವಿಕೊಂಡು ಚೀಲ ಹೆಗಲಿಗೇರಿಸುತ್ತಿದ್ದರು. ಅದು ಹೊಳೆವ್ವನ ಟಂಟಂ. ಸುಳ್ಳದಿಂದ ಹುಬ್ಬಳ್ಳಿಯ ಕೇಶ್ವಾಪುರದವರೆಗೆ ಮಂದಿಯನ್ನು ಹೇರಿಕೊಂಡು ಹೋಗುವ ಮೂರು ಗಾಲಿಯ ಡೀಸೆಲ್ ಗಾಡಿ. ಅದು ಚಾಲೂ ಆದರೆ ಕುಳಿತವರ ಗದ್ದ ಕುಣಿಯುತ್ತಿತ್ತು, ಬುತ್ತಿಯ ಡಬ್ಬಿಯೊಳಗೆ ಪಲ್ಯ ಹೋಗಿ ಮೊಸರಿನೊಳಗೆ ಬೀಳುತ್ತಿತ್ತು. ಮಾತಾಡಬೇಕೆಂದರೆ ಒದರಬೇಕು. ಒದರಿ ಒದರಿ ಸಾಕಾಗಿ ಮಂದಿ ಮಾತನ್ನೇ ಕೇಶ್ವಾಪುರದಲ್ಲಿ ಇಳಿದ ಮೇಲೆ ಎಂದು ಇಟ್ಟುಕೊಳ್ಳುತ್ತಿದ್ದರು.

ಆ ಸಪ್ಪಳದ ಹೊಟ್ಟೆಯೊಳಗೆ ಕುಳಿತು ಹೊಳೆವ್ವ ಹಾಡುತ್ತಿದ್ದಳು.

ಇದು ಯಾರಿಗೂ ಗೊತ್ತಿರಲಿಲ್ಲ. ಇಳಕಲ್ ಸೀರೆಯ ಮೇಲೆ ಖಾಕಿ ಅಂಗಿ, ಧೂಳಿಗೆಂದು ಮೂಗಿನ ತನಕ ಸುತ್ತಿದ ವಸ್ತ್ರ. ಕನ್ನಡಿಯಲ್ಲಿ ಅವಳ ಗಲ್ಲ ಅಲುಗುವುದನ್ನು ಕಂಡವರು ಎಲೆ ಅಡಿಕೆ ಅಗಿಯುತ್ತಿದ್ದಾಳೆ ಎಂದು ತಿಳಿದಿದ್ದರು.

ಹಾಡು ಅವಳಿಗೆ ಅಜ್ಜಿಯಿಂದ ಬಂದದ್ದು. ನವಲಗುಂದದ ಕಡೆಯ ತವರಿನಲ್ಲಿ, ಕೋಳಿ ಕೂಗುವ ಮೊದಲೇ ಅಜ್ಜಿ ಬೀಸುವ ಕಲ್ಲಿನ ಮುಂದೆ ಕಾಲು ಚಾಚಿ ಕೂರುತ್ತಿದ್ದಳು. ಬೀಸುತ್ತ ಏನು ಹಾಡಿದರೂ ತಪ್ಪಿಲ್ಲವೆಂಬುದು ಆ ಸೀಮೆಯ ಹೆಂಗಸರ ರೂಢಿ. ಅತ್ತೆಯ ಬಿರುಸು ಬಾಯಿಯ ಮೇಲೆ, ಮೈದುನನ ಬಡಿವಾರದ ಮೇಲೆ, ಗಂಡನ ಮರೆಗುಳಿತನದ ಮೇಲೆ ಪದ ಕಟ್ಟಿ ಹಾಡಬಹುದು. ಕಲ್ಲು ಗರಗರ ಎನ್ನುತ್ತಿರುವಾಗ ಪಡಸಾಲೆಯಲ್ಲಿ ಮಲಗಿದವರಿಗೆ ಕೇಳಿಸುವುದಿಲ್ಲ, ಕೇಳಿಸಿದರೂ ಕೇಳಿಸಿತು ಎನ್ನುವುದಿಲ್ಲ. ತೊಡೆಯ ಮೇಲೆ ಒರಗಿದ ಮೊಮ್ಮಗಳಿಗೆ ಅಜ್ಜಿ ಹೇಳಿದ್ದಳು: "ಕಲ್ಲು ತಿರಗೂತನಾ ನಮ್ಮದ ರಾಜ್ಯ, ಕೂಸ. ಕಲ್ಲು ನಿಂತಿಂದ ಬಾಯಿ ಮುಚ್ಚಬೇಕು."

ಮುಂದೆ ಊರಿಗೆ ಹಿಟ್ಟಿನ ಗಿರಣಿ ಬಂತು. ಕಲ್ಲು ಹಿತ್ತಲಿನ ಮೂಲೆ ಸೇರಿತು. ಹೊಳೆವ್ವನ ಪಾಲಿಗೆ ಪದಗಳು ಬಂದವು, ಕಲ್ಲು ಬರಲಿಲ್ಲ. ಸುಳ್ಳದ ಶಿದ್ದಪ್ಪನ ಮನೆ ತುಂಬಿದ ಮೇಲೆ ಅವಳು ಎಷ್ಟು ಕಡಿಮೆ ಮಾತಾಡುತ್ತಿದ್ದಳೆಂದರೆ, ಅತ್ತೆ ನೆರೆಯವರ ಮುಂದೆ "ನಮ್ಮ ಸೊಸಿಗಿ ಬಾಯಿ ಇಟ್ಟು ಕೀಲಿ ದೇವರು ತನ್ನ ಹತ್ರನ ಇಟಗೊಂಡಾನ" ಎಂದು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದಳು.

ಆಗ ಟಂಟಂ ಹೊಡೆಯುತ್ತಿದ್ದವನು ಶಿದ್ದಪ್ಪ. ನಗುಮುಖದ ಮನುಷ್ಯ, ಯಾರು ಕರೆದರೂ ಒಂದು ಕೈ ಹಚ್ಚುವವನು. ಹಾಗೆ ಯಾರದೋ ಮೆಣಸಿನಕಾಯಿ ಚೀಲಕ್ಕೆ ಕೈ ಹಚ್ಚಿ ಎತ್ತಲು ಹೋದ ದಿನ ಅವನ ಬೆನ್ನು ಹಿಡಿದುಕೊಂಡಿತು. ಗಾಡಿ ಹೊಡೆಯುವುದಂತೂ ಇನ್ನು ಬೇಡವೇ ಬೇಡ ಎಂದರು ಡಾಕ್ಟರು. ಟಂಟಂ ಬಾಗಿಲ ಮುಂದೆ ನಿಂತಿತು, ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕುಳಿತಿತು. ಒಂದು ಬೆಳಿಗ್ಗೆ ಹೊಳೆವ್ವ ರೊಟ್ಟಿ ಬಡಿಯುತ್ತಲೇ "ನಾ ಹೊಡೀತೇನಿ" ಎಂದಳು. ಅತ್ತೆಯ ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು. ಶಿದ್ದಪ್ಪ ಮಾತ್ರ ಹಾಸಿಗೆಯಲ್ಲಿ ಮಲಗಿದ್ದಲ್ಲಿಂದಲೇ ಕೀಲಿ ಎಸೆದ.

ಕಲಿಸಿದವನೂ ಅವನೇ. ಹತ್ತಿ ಕಿತ್ತು ಖಾಲಿಯಾದ ಹೊಲದಲ್ಲಿ, ನಡುವಿಗೆ ಪಟ್ಟಿ ಕಟ್ಟಿಕೊಂಡು ನಿಂತು, "ಕ್ಲಚ್ ಬಿಡಬ್ಯಾಡ, ನನ್ನ ಬಿಟ್ಟರೂ ಚಿಂತಿಲ್ಲ!" ಎಂದು ಒದರುತ್ತಿದ್ದ. ಅವಳು ಮೊದಲ ಸಲ ಒಬ್ಬಳೇ ರಸ್ತೆಗಿಳಿದ ದಿನ, ಕರಿ ಹೊಲಗಳ ನಡುವೆ ಮೂರನೇ ಗೇರು ಬಿದ್ದಾಗ, ಸೀಟಿನ ಕೆಳಗೆ ಇಂಜಿನ್ ಗರಗರ ಎಂದಿತು. ಹೊಳೆವ್ವನಿಗೆ ಮೈಯೆಲ್ಲ ಜುಮ್ಮೆಂದಿತು. ಅಜ್ಜಿಯ ಕಲ್ಲು ತಿರುಗುತ್ತಿದೆ! ಬಾಯಿ ತಾನಾಗಿಯೇ ತೆರೆಯಿತು.

ಅಂದಿನಿಂದ ದಿನವೂ ಹಾಡು. ಹತ್ತಿದವರ ಮೇಲೆಲ್ಲ ಪದ. ಆದರೆ ಒಂದು ಪದವಿತ್ತು, ಅದನ್ನು ಮಂದಿ ತುಂಬಿದ ಗಾಡಿಯಲ್ಲಿ, ಎಷ್ಟೇ ಸಪ್ಪಳವಿದ್ದರೂ, ಅವಳು ಹಾಡುತ್ತಿರಲಿಲ್ಲ. ಸಂಜೆ ಎಲ್ಲರೂ ಇಳಿದ ಮೇಲೆ, ಅಗಸಿಯಿಂದ ಮನೆಯ ತನಕದ ದಾರಿಯಲ್ಲಿ, ಗಾಡಿಯನ್ನು ಬೇಕೆಂದೇ ಜೋರು ಮಾಡಿ ಹಾಡುತ್ತಿದ್ದಳು:

ಬೆನ್ನ ಹಿಡಿದು ಶಿದ್ದಪ್ಪ ಹಾಸಿಗಿ ಕಂಡಾಗ
ಕಣ್ಣಾಗ ನೀರ ತಂದೇನ | ಒಳಗೊಳಗ
ನನ್ನ ಕಾಲಿಗಿ ರೆಕ್ಕಿ ಬಂದಾವ

ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದ ಹೆಂಗಸು ಅವಳು. ಹೆಸರಿಗಿಂತ ಹೆಚ್ಚಿನದೂ ಆ ಪದದಲ್ಲಿತ್ತು. ಅವನ ಬೆನ್ನು ಬಿದ್ದದ್ದು ತನ್ನ ಪಾಲಿಗೆ ಹಬ್ಬವಾಯಿತೆಂದು ಅವನಿಗೆ ತಿಳಿದರೆ? ಆ ನಗುಮುಖ ಏನಾದೀತು? ಅದೊಂದು ಅವಳಿಗೆ ಬೇಡವಾಗಿತ್ತು. ಸಪ್ಪಳ ಇರುವ ತನಕ ಚಿಂತೆಯೂ ಇರಲಿಲ್ಲ.

ಹೀಗಿರುವಾಗ ಶಿದ್ದಪ್ಪನೇ ಒಂದು ಸುದ್ದಿ ಹೊತ್ತು ತಂದ. ವಿದ್ಯುತ್ ಗಾಡಿ ಕೊಳ್ಳುವವರಿಗೆ ಸರ್ಕಾರ ಸಹಾಯಧನ ಕೊಡುತ್ತದೆ, ಹಳೆಯ ಡೀಸೆಲ್ ಗಾಡಿಯನ್ನು ಗುಜರಿಗೆ ಕೊಟ್ಟರೆ ಇನ್ನಷ್ಟು ರಿಯಾಯಿತಿ. ಗಂಡ ಹೆಂಡತಿ ಇಬ್ಬರೂ ಹುಬ್ಬಳ್ಳಿಯ ಗೋಕುಲ ರಸ್ತೆಯ ಶೋರೂಮಿಗೆ ಹೋದರು. ಅಲ್ಲಿ ಆಶಿಷ್ ಎಂಬ ಧಾರವಾಡದ ಹುಡುಗ ಕೊರಳಿಗೆ ಟೈ ಕಟ್ಟಿಕೊಂಡು ಇಬ್ಬರಿಗೂ ಕುರ್ಚಿ ಕೊಟ್ಟ.

"ಸರಕಾರ ನನಗ್ಯಾಕ ರೊಕ್ಕಾ ಕೊಡತೈತಿ, ತಮ್ಮಾ? ನಾ ಏನ ಮಾಡೇನಿ?" ಎಂದಳು ಹೊಳೆವ್ವ.

"ನೀವು ಹೊಗಿ ಬಿಡೂದು ನಿಲ್ಲಸ್ತೀರಲ್ರಿ ಅಕ್ಕಾರ, ಅದಕ್ಕ."

ಹೊಳೆವ್ವ ಪಕ್ಕದಲ್ಲಿ ಕುಳಿತ ಗಂಡನ ಕಿಸೆಯ ಕಡೆ ನೋಡಿದಳು. "ಹಂಗಾರ ಇವರು ಬೀಡಿ ಬಿಟ್ರ ಇವರಿಗೂ ಒಂದೀಟು ಕೊಡತಾರೇನ?"

ಶಿದ್ದಪ್ಪ ನಕ್ಕು ನಕ್ಕು ಬೆನ್ನು ಹಿಡಿದುಕೊಂಡ. ಆಶಿಷ್ ಎಲ್ಲ ತಿಳಿಸಿ ಹೇಳಿದ: ಒಮ್ಮೆ ಕರೆಂಟು ತುಂಬಿದರೆ ದಿನದ ಓಡಾಟಕ್ಕೆ ಸಾಕು, ಗೇರಿಲ್ಲ, ಕ್ಲಚ್ಚಿಲ್ಲ, ಮೈ ನಡುಗುವುದಿಲ್ಲ. ಕೊನೆಗೆ ಎದೆಯುಬ್ಬಿಸಿ ಅಂದ: "ಸಪ್ಪಳ ಅಂತೂ ಒಟ್ಟ ಇಲ್ರಿ." ಹೊಳೆವ್ವ ಅದನ್ನು ಕೇಳಿಸಿಕೊಂಡಳು, ತಲೆಯೊಳಗೆ ಬಿಟ್ಟುಕೊಳ್ಳಲಿಲ್ಲ. ಅವಳ ಕಣ್ಣೆಲ್ಲ ಗಿಳಿಹಸಿರು ಬಣ್ಣದ ಹೊಸ ಗಾಡಿಯ ಮೇಲಿತ್ತು.

ಗಾಡಿ ಊರಿಗೆ ಬಂದ ಸಂಜೆ ಅರ್ಧ ಓಣಿ ಅವರ ದನದ ಕೊಟ್ಟಿಗೆಯಲ್ಲಿತ್ತು. ಎಮ್ಮೆಯ ಗ್ವಾದಲಿಯ ಪಕ್ಕದಲ್ಲಿ ಹೊಸ ಪ್ಲಗ್ಗು ಹಾಕಿಸಿದ್ದರು. ಒಂದು ಕಡೆ ಎಮ್ಮೆ ಮೇವು ತಿನ್ನುತ್ತಿತ್ತು, ಇನ್ನೊಂದು ಕಡೆ ಟಂಟಂ ಕರೆಂಟು ತಿನ್ನುತ್ತಿತ್ತು. "ಸೆಗಣಿ ಹಾಕೂದಿಲ್ಲೇನ ಇದು?" ಎಂದು ಒಬ್ಬ ಮುದುಕಿ ಬಗ್ಗಿ ಹಿಂದೆ ನೋಡಿದಳು. ಎಮ್ಮೆಯೂ ಕತ್ತು ಚಾಚಿ ಹೊಸ ಗೆಳತಿಯ ಗಾಜನ್ನು ಒಮ್ಮೆ ನೆಕ್ಕಿತು.

ಮರುದಿನ ಅಗಸಿಯ ಮುಂದೆ ಪೂಜೆ. ಚೆಂಡುಹೂವಿನ ಮಾಲೆ, ಕಾಯಿ, ಗಾಲಿಗೊಂದು ಲಿಂಬೆಹಣ್ಣು. ಹೊಳೆವ್ವ ಗುಂಡಿ ತಿರುವಿದಳು. ಗಾಡಿ ಹೊರಟಿತು. ಪಚ್, ಪಚ್, ಪಚ್. ಇಷ್ಟು ವರ್ಷ ಗಾಡಿ ಹೊಡೆದರೂ ಲಿಂಬೆಹಣ್ಣು ಒಡೆಯುವುದು ಅವಳ ಕಿವಿಗೆ ಬಿದ್ದದ್ದು ಅದೇ ಮೊದಲು. ಅವಳು ಗೊಳ್ಳನೆ ನಕ್ಕಳು.

ಮೊದಲ ಸವಾರಿಗೆ ದಿನವೂ ಬರುವವರೇ ಹತ್ತಿದ್ದರು. ಫಕೀರಪ್ಪ, ಅಮರಗೋಳದ ಮಾರುಕಟ್ಟೆಯಲ್ಲಿ ಉಳ್ಳಾಗಡ್ಡಿ ದಲಾಲಿ ಮಾಡುವ ಸಾವಕಾರ, ಯಾವಾಗಲೂ ಮೊಣಕೈ ಅಗಲಿಸಿ ಕೂರುವವನು. ತಾರಾಬಾಯಿ, ಧಾರವಾಡದ ಹಾಡುಗಾರರ ಮನೆಯಲ್ಲಿ ಹುಟ್ಟಿ ಸುಳ್ಳದ ಕುಲಕರ್ಣಿಯರ ಸೊಸೆಯಾಗಿ ಬಂದವರು. ಕೇಶ್ವಾಪುರದ ಸಾಲೆಯೊಂದರಲ್ಲಿ ಹಾಡು ಕಲಿಸುತ್ತಾರೆ, ಊರಿಗೆಲ್ಲ ಅಕ್ಕೋರು. ಶಮೀಮ, ಅದೇ ಕೇಶ್ವಾಪುರದಲ್ಲಿ ಹೊಲಿಗೆ ಅಂಗಡಿ ಇಟ್ಟವಳು. ಇವರ ಜೊತೆಗೆ ಇವತ್ತು ಶಿದ್ದಪ್ಪ, ಹೆಂಡತಿಯ ಬೆನ್ನ ಹಿಂದೆಯೇ, ಪೂಜೆಯ ಕಾಯಿಹೋಳನ್ನು ಮಡಿಲಲ್ಲಿಟ್ಟುಕೊಂಡು.

ಗಾಡಿ ನೀರಿನ ಮೇಲೆ ಎಲೆ ತೇಲಿದಂತೆ ಹೋಗುತ್ತಿತ್ತು. ಜೋಳದ ಹೊಲದಲ್ಲಿ ಗಾಳಿ ಸರಿಯುವುದು, ದೂರದ ನವಿಲು, ಎಲ್ಲ ಕೇಳುತ್ತಿದ್ದವು. ಹೊಳೆವ್ವನ ಎದೆ ತುಂಬಿ ಬಂತು. ತುಂಬಿದ ಎದೆ ಏನು ಮಾಡುತ್ತದೆ? ರೂಢಿಯಾದದ್ದನ್ನೇ ಮಾಡಿತು. ಇಂಜಿನ್ನಿನ ಮೇಲೆ ದನಿ ಎತ್ತಿ ಎತ್ತಿ ಬಿರುಸಾದ ಗಂಟಲು ಅದೇ ಎತ್ತರದಲ್ಲಿ ತೆರೆಯಿತು:

ಮೊಣಕೈ ಅಗಲ ಮಾಡಿ ಮೂರ ಮಂದಿ ಜಾಗದಾಗ
ಒಣಗೀದ ಉಳ್ಳಾಗಡ್ಡಿ ಸಾವಕಾರ | ಫಕೀರಪ್ಪ
ಗೊಣಗತಾನ ಚಿಲ್ಲರಿ ಕೇಳಿದರ

ಹಿಂದೆ ಯಾರೂ ಉಸಿರೆತ್ತಲಿಲ್ಲ. ಎಂದೂ ಯಾರೂ ಉಸಿರೆತ್ತಿದವರಲ್ಲ, ಹಾಗಾಗಿ ಅವಳಿಗೆ ವಿಶೇಷ ಅನಿಸಲಿಲ್ಲ. ಮುಂದುವರಿಸಿದಳು:

ತಂಪಾದ ಗಾಳ್ಯಾಗ ತಾರಾಬಾಯಿ ಅಕ್ಕೋರು
ಇಂಪಾದ ಗೊರಕಿ ತಗದಾರ | ಕೇಶ್ವಾಪುರದತನ
ಸೊಂಪಾಗಿ ತಾನ ಹೊಡದಾರ

ಮೂರನೆಯದಾಗಿ, ಮಂದಿಯ ನಡುವೆ ಎಂದೂ ಹಾಡದ ಆ ಪದವೇ, ಹಿಗ್ಗಿನಲ್ಲಿ ಮೈಮರೆತು ನಾಲಿಗೆಯ ತುದಿಗೆ ಬಂದಿತ್ತು. 'ಬೆನ್ನ' ಎಂದು ತುಟಿ ಕೂಡಿಸಿದ್ದಳು. ಅಷ್ಟರಲ್ಲಿ ಹಿಂದಿನಿಂದ ಶಮೀಮಳ ನಗು ಕುಕ್ಕರಿನ ಸೀಟಿಯಂತೆ ಚಿಮ್ಮಿತು.

"ಯಾ ಅಲ್ಲಾ! ಹೊಳೆವ್ವಕ್ಕಾ, ಮತ್ತೊಮ್ಮೆ ಹೇಳವಾ, ಒಣಗೀದ ಏನು?"

ಹೊಳೆವ್ವ ಕನ್ನಡಿಯಲ್ಲಿ ನೋಡಿದಳು. ಫಕೀರಪ್ಪನ ಮೊಣಕೈಗಳು ಜೀವಮಾನದಲ್ಲಿ ಮೊದಲ ಸಲ ಪಕ್ಕೆಗೆ ಅಂಟಿದ್ದವು. ತಾರಾಬಾಯಿಯ ಕಣ್ಣು ಪೂರ್ತಿ ತೆರೆದಿದ್ದವು. ಶಿದ್ದಪ್ಪ ಬಾಯಿ ತೆರೆದುಕೊಂಡು, ಕಾಯಿಹೋಳು ಹಿಡಿದು, ಗಣಪತಿಯಂತೆ ಕುಳಿತಿದ್ದ.

ಕಲ್ಲು ನಿಂತಿತ್ತು. ಅವಳ ಬಾಯಿ ನಿಂತಿರಲಿಲ್ಲ.

"ಗಾಡಿ ನಿಂದರಸು!" ಎಂದ ಫಕೀರಪ್ಪ. "ನಾ ನಡಕೋತ ಹೊಕ್ಕೇನಿ."

"ಸಾವಕಾರ್ರ, ಅಮರಗೋಳ ಇಲ್ಲಿಂದ ಭಾಳ ದೂರ ಐತ್ರಿ…"

"ದೂರ ಇರಲಿ. ಅಲ್ಲಿತನಾ ಮೊಣಕೈ ಅಗಲ ಮಾಡ್ಕೊಂಡ ಹೋಗ್ತೇನಿ. ರಸ್ತಾ ಸರಕಾರದ್ದೈತಿ!"

ಅಂದಿನಿಂದ ಹೊಳೆವ್ವ ಬಾಯಿಗೆ ಬೀಗ ಹಾಕಿಕೊಂಡಳು. ಬೀಗ ಹಾಕಿದ ಮೇಲೆ ಗೊತ್ತಾಯಿತು, ಒಳಗೆ ಎಷ್ಟು ಸಾಮಾನಿತ್ತೆಂದು. ಹಾಡಿಲ್ಲದ ದಾರಿ ಮುಗಿಯುತ್ತಿರಲಿಲ್ಲ. ಸಂಜೆ ಖಾಲಿ ಗಾಡಿಯಲ್ಲೂ ತುಟಿ ತೆರೆಯಲು ಹೆದರಿಕೆ. ಓಣಿಯ ಕಟ್ಟೆಗಳ ಮೇಲೆಲ್ಲ ಕಿವಿಗಳು ಕುಳಿತಿದ್ದವು. ರೊಟ್ಟಿ ದಪ್ಪವಾಗತೊಡಗಿದವು, ಸಾರಿಗೆ ಉಪ್ಪು ಎರಡು ಸಲ ಬಿತ್ತು. ಒಂದು ಮಧ್ಯಾಹ್ನ ಅವಳು ಶೋರೂಮಿಗೆ ಹೋಗಿ ಆಶಿಷ್‌ನ ಮೇಜಿನ ಮುಂದೆ ನಿಂತಳು.

"ತಮ್ಮಾ, ಇದಕ ಸಪ್ಪಳ ಹಾಕಿ ಕೊಡು."

"ಸಪ್ಪಳ ಬರಾಕತ್ತದೇನ್ರಿ? ಎಲ್ಲಿಂದ?"

"ಬರವಲ್ದು ಅಂತನ ಬಂದೇನಿ. ಇಲ್ಲಾಂದ್ರ ನಮ್ಮ ಹಳೇ ಗಾಡಿ ತಿರಗಿ ಕೊಡ್ರಿ, ಸರಕಾರಕ್ಕ ಅವರ ರೊಕ್ಕಾ ಕೊಟ್ಟ ಬಿಡತೇನಿ."

"ಅದು ಈಗ ತಗಡಾಗೇದರಿ ಅಕ್ಕಾರ!" ಆಶಿಷ್ ತಲೆ ಕೆರೆದುಕೊಂಡ. ಅವನ ನೌಕರಿಯಲ್ಲಿ ಯಾರೂ ಹೀಗೆ ಕೇಳಿರಲಿಲ್ಲ. ಕೊನೆಗೆ ನೆನಪಾಯಿತು: ರಸ್ತೆಯಲ್ಲಿ ನಡೆಯುವವರಿಗೆ ಎಚ್ಚರವಾಗಲೆಂದು ಸದ್ದು ಮಾಡುವ ಒಂದು ಡಬ್ಬಿ ಸಿಗುತ್ತದೆ, ತರಿಸಿ ಕೊಡುತ್ತೇನೆ, ಬಂದ ಕೂಡಲೇ ಫೋನ್ ಮಾಡುತ್ತೇನೆ ಎಂದ. ಹೊಳೆವ್ವ ಆ ಡಬ್ಬಿಗಾಗಿ ತವರಿನ ಬುತ್ತಿಗೆ ಕಾದಂತೆ ಕಾದಳು.

ಅಷ್ಟರಲ್ಲಿ ಊರು ಬೇರೆಯೇ ದಾರಿ ಹಿಡಿದಿತ್ತು. ಶಮೀಮ ಬ್ಲೌಜಿನ ಅಳತೆ ತೆಗೆದುಕೊಳ್ಳುವಾಗಲೆಲ್ಲ ಆ ಎರಡು ಪದಗಳನ್ನು ಹೇಳಿ ಹೇಳಿ ಕೇಶ್ವಾಪುರಕ್ಕೆಲ್ಲ ಹಂಚಿದ್ದಳು. ಅವು ಅಮರಗೋಳದ ಮಾರುಕಟ್ಟೆಯನ್ನೂ ಮುಟ್ಟಿದವು. ಹಮಾಲರು ಚೀಲ ಎತ್ತುವಾಗ 'ಮೊಣಕೈ ಅಗಲ ಮಾಡಿ' ಎಂದು ಒಬ್ಬರು ಎತ್ತಿಕೊಟ್ಟರೆ ಉಳಿದವರು 'ಫಕೀರಪ್ಪಾ' ಎಂದು ಮುಗಿಸುತ್ತಿದ್ದರು. ಒಂದು ವಾರ ಬಸ್ಸಿನಲ್ಲಿ ಓಡಾಡಿದ ಫಕೀರಪ್ಪ ಮುಂದಿನ ಸೋಮವಾರ ಟಂಟಂ ಮುಂದೆ ಬಂದು ನಿಂತ. ಮೀಸೆಗೆ ಎಣ್ಣೆ ಹಚ್ಚಿದ್ದ.

"ಏ ಹೊಳೆವ್ವಾ. ಮೂರ ಮಂದಿ ಜಾಗ ಅನ್ನೂದು ಸುಳ್ಳ ಐತಿ. ಎರಡ ಮಂದೀದು ಅಂತ ಮಾಡು."

"ಸಾವಕಾರ್ರ, ತಪ್ಪಾತ್ರಿ, ಇನ್ನ ಹಾಡೂದಿಲ್ರಿ…"

"ಹಾಡೂದಿಲ್ಲಂದ್ರ? ಗದಗಿನ ವ್ಯಾಪಾರಿ ನನ್ನ ಹುಡಿಕ್ಕೊಂಡ ಬಂದಿದ್ದ. 'ಪದಾದಾಗ ಇರೂ ಫಕೀರಪ್ಪ ನೀವೇನ್ರಿ' ಅಂದ. ತಿದ್ದಿ ಹಾಡು ಅಂದ್ರ ಹಾಡೂದು ಬಿಡು ಅಂತೇನ?" ಎಂದವನೇ ಹತ್ತಿ ಕುಳಿತ, ಮೊಣಕೈ ಅಗಲಿಸಿ.

ತಾರಾಬಾಯಿ ಕನ್ನಡಕ ಒರೆಸಿಕೊಂಡರು. "ನನ್ನದೂ ಒಂದ ತಕರಾರದ, ಹೊಳೆವ್ವಾ. ಗೊರಕಿ ಅಂದಿ, ಇರಲಿ. ಯಾವ ರಾಗ ಅಂತ ಹೇಳಲಿಲ್ಲ. ನಮ್ಮ ಮನಿತನದ ಮರ್ಯಾದಿ ಪ್ರಶ್ನೆ ಅದ ಅದು."

"ನನ್ನ ಮ್ಯಾಲ ಇಲ್ಲೇನ?" ಶಮೀಮ ಮುಖ ಉಬ್ಬಿಸಿದಳು. "ನಾ ಊರ ತುಂಬ ಹಂಚೇನಿ, ನನಗ ಒಂದೂ ಇಲ್ಲಾ?"

ಇತ್ತು. ಹೊಳೆವ್ವ ಅಂಜುತ್ತ ಅಂಜುತ್ತ ಗುನುಗಿದಳು:

ಸೂಜಿಗಿಂತ ಚೂಪ ಶಮೀಮಾನ ನಾಲಿಗಿ
ಬಾಜೂದ ಮಂದೀನ ಹೊಲದಾಳ | ದಾರ್ಯಾಗ
ಮೋಜೀಲೆ ಕಾಜಾ ಇಟ್ಟಾಳ

ಗಾಡಿ ನಗುವಿನಿಂದ ಕುಣಿಯಿತು. ಡೀಸೆಲ್ ಇದ್ದಾಗಲೂ ಅಷ್ಟು ಕುಣಿದಿರಲಿಲ್ಲ. ನಗು ಇಳಿಯುತ್ತಿದ್ದಂತೆ ಶಮೀಮ ಕಣ್ಣೊರೆಸಿಕೊಂಡು ಕೇಳಿದಳು: "ಅಲ್ಲಕ್ಕಾ, ಎಲ್ಲಾರ ಮ್ಯಾಲ ಆತು. ನಿಮ್ಮನಿಯವರ ಮ್ಯಾಲ?"

ಹೊಳೆವ್ವ ವಸ್ತ್ರವನ್ನು ಮೂಗಿನ ಮೇಲಕ್ಕೆ ಎಳೆದುಕೊಂಡಳು. ಡಬ್ಬಿ ಬೇಕಾದದ್ದೇ ಆ ಒಂದು ಪದಕ್ಕೆ. ಉಳಿದ ಪದಗಳನ್ನು ಮಂದಿ ಕೇಳಿ ನಕ್ಕಾರು. ಅದನ್ನು ಮಾತ್ರ ಯಾರೂ ಕೇಳಬಾರದು, ಆದರೆ ಅದನ್ನು ಹಾಡದೆ ಅವಳಿಂದ ಇರಲಿಕ್ಕೂ ಆಗದು.

ಡಬ್ಬಿ ಬಂತೆಂದು ಆಶಿಷ್ ಫೋನ್ ಮಾಡಿದ ದಿನ ಶಿದ್ದಪ್ಪ ತಾನೂ ಬರುತ್ತೇನೆಂದ. ಗಾಡಿಯಲ್ಲಿ ಇಬ್ಬರೇ. ಊರು ದಾಟುವ ತನಕ ಅವನು ನಡುವಿನ ಪಟ್ಟಿಯನ್ನು ಬಿಚ್ಚುತ್ತ ಕಟ್ಟುತ್ತ ಕುಳಿತಿದ್ದ. ಜೋಳದ ಹೊಲದ ತಿರುವಿನಲ್ಲಿ ಹಿಂದಿನಿಂದ ಮಾತು ಬಂತು.

"ಹೊಳೀ, ಒಂದ ಮಾತ ಕೇಳಲೇನ?"

"ಕೇಳ್ರಿ."

"ಮಂದಿ ಅಗಸ್ಯಾಗ ನನ್ನ ಹಿಡಿದ ನಿಂದರಸ್ತಾರ. 'ನಿನ್ನ ಮ್ಯಾಲ ಏನ ಹಾಡ್ಯಾಳೋ' ಅಂತಾರ. ನಾ ಏನ ಹೇಳಲಿ? ಆ ಫಕೀರಪ್ಪನ ಮೊಣಕೈಗೂ ಒಂದ ಪದಾ ಐತಿ." ಅವನ ದನಿ ಸಣ್ಣದಾಯಿತು. "ನಾ ಪದಕ್ಕೂ ಬಾರದಂವ ಆದ್ನೇನ?"

ಗಾಡಿ ಒಮ್ಮೆ ರಸ್ತೆಯ ಅಂಚಿಗೆ ಹೋಗಿ ಬಂತು.

"ಹಂಗ ಅನಬ್ಯಾಡ್ರಿ."

"ಮತ್ತೇನ ಅನ್ನಲಿ? ಬೈದಾರ ಬೈಯವಾ. ಕೀಲಿ ಒಗದಂವಾ ನಾನಲ್ಲೇನ?"

ಹೊಳೆವ್ವನ ಎದೆಯೊಳಗೆ ಏನೋ ಒಂದು, ಗಾಲಿಯ ಕೆಳಗಿನ ಲಿಂಬೆಹಣ್ಣಿನಂತೆ, ಪಚ್ಚೆಂದು ಒಡೆದು ಹುಳಿಯೂ ಪರಿಮಳವೂ ಒಟ್ಟಿಗೇ ಚಿಮ್ಮಿತು. ಹಾಸಿಗೆಯಲ್ಲಿ ಬಿದ್ದವನು ಅಂದು ಕೀಲಿ ಎಸೆದದ್ದು ಅವಳಿಗೆ ಮರೆತಿರಲಿಲ್ಲ. ಪದ ಕಟ್ಟುವಾಗ ಅದನ್ನೊಂದೇ ಬಿಟ್ಟಿದ್ದಳು. ಬೆನ್ನಿಗೆ ಒಂದು ಪದವಿತ್ತು. ಕೀಲಿಗೆ ಎಲ್ಲಿತ್ತು? ಗೋಕುಲ ರಸ್ತೆ ಮುಟ್ಟುವ ತನಕ ಹೊಸ ಸಾಲು ಕಟ್ಟುತ್ತ ಅವಳ ಗಲ್ಲ ವಸ್ತ್ರದೊಳಗೆ ಅಲುಗುತ್ತಲೇ ಇತ್ತು.

ಶಿದ್ದಪ್ಪ ಇಳಿಯಲಿಲ್ಲ. ಹೊಳೆವ್ವ ಒಬ್ಬಳೇ ಒಳಗೆ ಹೋದಳು. ಆಶಿಷ್ ಮೇಜಿನ ಮೇಲೆ ಕರಿಯ ಡಬ್ಬಿ ಇಟ್ಟು, ವೈರು ಹಚ್ಚಿ, ಗುಂಡಿ ಒತ್ತಿದ.

ಡಗಡಗಡಗಡಗ.

ಥೇಟ್ ಅದೇ. 'ಫಟ್' ಒಂದು ಇರಲಿಲ್ಲ, ಅಷ್ಟೇ. ಶೋರೂಮಿನ ಮಂದಿಯೆಲ್ಲ ತಿರುಗಿ ನೋಡಿದರು.

"ಹೆಂಗದರಿ ಅಕ್ಕಾರ?" ಆಶಿಷ್ ಹಿಗ್ಗಿ ಹೀರೇಕಾಯಿಯಾಗಿದ್ದ. "ನಿಮ್ಮ ಸಲುವಾಗಿ ಮೂರು ಕಡೆ ವಿಚಾರಿಸಿ ಹುಡುಕಿಸೀನಿ. ಇದರಾಗ ಸಣ್ಣ ಸಪ್ಪಳ ಬ್ಯಾರೆ, ದೊಡ್ಡದು ಬ್ಯಾರೆ. ಟ್ರ್ಯಾಕ್ಟರದೂ ಅದರಿ. ಈ ಗುಂಡಿ ಒತ್ತಿದ್ರ…"

ಹೊಳೆವ್ವ ಗಾಜಿನಾಚೆ ನೋಡುತ್ತಿದ್ದಳು. ಗಿಳಿಹಸಿರು ಗಾಡಿಯಲ್ಲಿ ಶಿದ್ದಪ್ಪ, ನಡುವಿನ ಪಟ್ಟಿ ಬಿಗಿದುಕೊಂಡು, ಹಬ್ಬದ ಬಟ್ಟೆ ಕೊಡಿಸುತ್ತಾರೋ ಇಲ್ಲವೋ ಎಂದು ಕಾಯುವ ಹುಡುಗನ ಹಾಗೆ ನೆಟ್ಟಗೆ ಕುಳಿತಿದ್ದ.

"ಬ್ಯಾಟರಿ ಹೆಚ್ಚೇನ ತಿನ್ನೂದಿಲ್ರಿ ಇದು. ಈಗ ನೀವು ಹೇಳ್ರಿ, ಸಣ್ಣದ ಹಾಕಲೋ ದೊಡ್ಡದ…"

ಅವಳು ಮೂಗಿನ ಮೇಲಿನ ವಸ್ತ್ರ ಬಿಚ್ಚಿ ಹೆಗಲ ಮೇಲೆ ಒಗೆದುಕೊಂಡಳು, ಗಂಟಲು ಸರಿಮಾಡಿಕೊಂಡಳು, ಮತ್ತು ಗಾಡಿಯ ಕಡೆ ಹೊರಟೇಬಿಟ್ಟಳು.

"ಅಕ್ಕಾರ? ಅಕ್ಕಾರ, ಡಬ್ಬೀರಿ! ದೊಡ್ಡದೋ ಸಣ್ಣದೋ, ಅದನ್ನಾರ ಹೇಳಿ ಹೋಗ್ರಿ…"